ಗ್ರಾಮಸಭೆಯ ವಿಡಿಯೊ ದಾಖಲೆ: ಹವ್ಯಾಸಿ ರೂಢಿ ಮತ್ತು ವೃತ್ತಿಪರ ಶಿಸ್ತು

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆಯ ನಡವಳಿ ಪುಸ್ತಕವು ನಿರ್ಣಯವನ್ನು ಹೇಳುತ್ತದೆ. ನಿರ್ಣಯಕ್ಕೆ ಮುನ್ನ ಯಾರು ಪ್ರಶ್ನಿಸಿದರು, ಯಾರು ಆಕ್ಷೇಪಿಸಿದರು, ಯಾವ ಹೆಸರು ಓದಿದಾಗ ಎಷ್ಟು ಕೈಗಳು ಮೇಲೆದ್ದವು ಎಂಬುದನ್ನು ಹೇಳಬಲ್ಲದ್ದು ಸಭೆಯ ವಿಡಿಯೊ. ಸಭೆಯಲ್ಲಿ ಓದಿದ ವಸತಿ ಫಲಾನುಭವಿಗಳ ಪಟ್ಟಿಯಲ್ಲಿ ತಮ್ಮ ಹೆಸರಿತ್ತು, ಆನಂತರ ಅದನ್ನು ಕೈಬಿಡಲಾಯಿತು ಎಂದು ಮಹಿಳೆಯೊಬ್ಬರು ವರ್ಷದ ಬಳಿಕ ದೂರು ಸಲ್ಲಿಸಿದರೆ, ಆ ವಿಡಿಯೊ ಸಾಕ್ಷಿ ನುಡಿಯಬೇಕು. ಅಂದು ತೆರೆಯ ಮೇಲೆ ಮಸುಕಾದ ಮುಖಗಳೂ ಅರ್ಥವಾಗದ ಗದ್ದಲವೂ ನಡುವೆ ತುಂಡಾದ ಮಾತೂ ಮಾತ್ರ ಉಳಿದಿದ್ದರೆ ಚಿತ್ರೀಕರಣದ ವೆಚ್ಚವೂ ವ್ಯರ್ಥ, ದೂರುದಾರರಿಗೆ ದೊರೆಯಬೇಕಾದ ನ್ಯಾಯವೂ ದೂರ.

ಹವ್ಯಾಸಿ ಕೆಲಸಕ್ಕೂ ವೃತ್ತಿಪರ ಕೆಲಸಕ್ಕೂ ಇರುವ ಅಂತರವನ್ನು ಕ್ಯಾಮೆರಾದ ಬೆಲೆಯಿಂದ ಅಳೆಯುವುದು ವಾಡಿಕೆ. ಆದರೆ ಇಂದಿನ ಸಾಧಾರಣ ಮೊಬೈಲ್ ಫೋನು ಸಹ 1920 ಅಡ್ಡ, 1080 ಉದ್ದ ಬಿಂದುಗಳ ಸ್ಪಷ್ಟ ಚಿತ್ರವನ್ನು ದಾಖಲಿಸಬಲ್ಲದು. ನಿಜವಾದ ಅಂತರವು ಮೂಲ ಫೈಲನ್ನು ಕಾಪಾಡುವ ಕ್ರಮದಲ್ಲಿದೆ.

ಇಷ್ಟು ಬಿಂದುಗಳ ಚಿತ್ರಗಳನ್ನು ಸೆಕೆಂಡಿಗೆ 25ರಂತೆ, ಏನೂ ಕುಗ್ಗಿಸದೆ ಸಂಗ್ರಹಿಸಿದರೆ ಒಂದು ಗಂಟೆಯ ವಿಡಿಯೊಗೆ ಸುಮಾರು 560 ಜಿಬಿ ಸ್ಥಳ ಬೇಕು. ಆದ್ದರಿಂದ ಸಾಮಾನ್ಯ ಕ್ಯಾಮೆರಾಗಳು ಚಿತ್ರವನ್ನು ಕುಗ್ಗಿಸಿಯೇ ಉಳಿಸುತ್ತವೆ. 2003ರಲ್ಲಿ ರೂಪುಗೊಂಡು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್.264 ಪದ್ಧತಿಯು ಒಂದು ಪೂರ್ಣ ಚಿತ್ರವನ್ನು ಇಟ್ಟುಕೊಂಡು, ಅನಂತರದ ಚಿತ್ರಗಳಲ್ಲಿ ಬದಲಾದ ಅಂಶಗಳನ್ನಷ್ಟೇ ಬರೆದಿಡುತ್ತದೆ. ಸೆಕೆಂಡಿಗೆ 16 ಮೆಗಾಬಿಟ್ ಪ್ರಮಾಣದಲ್ಲಿ ದಾಖಲಿಸಿದರೆ ಗಂಟೆಯ ಸಭೆ ಸುಮಾರು 7 ಜಿಬಿಗೆ ಇಳಿಯುತ್ತದೆ. ಹೀಗೆ ಕುಗ್ಗಿದ ಫೈಲಿನ ತುಣುಕನ್ನು ವಾಟ್ಸಾಪ್‌ನಲ್ಲಿ ವಿಡಿಯೊ ಆಗಿ ಕಳುಹಿಸಿದಾಗ ಅದು ಮತ್ತೊಮ್ಮೆ ಕುಗ್ಗುತ್ತದೆ. ಸಂಕಲಿಸಿ ಹೊಸದಾಗಿ ಉಳಿಸಿದಾಗ ಇನ್ನೊಮ್ಮೆ. ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ ಅಕ್ಷರ ಮಾಸುತ್ತಾ ಹೋಗುತ್ತದೆ. ಮೊದಲು ಮಾಸುವುದು ಹಿಂದಿನ ಸಾಲಿನಲ್ಲಿ ಕುಳಿತವರ ಮುಖ ಮತ್ತು ಅವರು ಎತ್ತಿದ ಕೈ.

ಎರಡನೆಯದು ಚಿತ್ರಗಳ ವೇಗ. ಭಾರತದ ವಿದ್ಯುತ್ತು 50 ಆವರ್ತದ್ದು. ಹಳೆಯ ಟ್ಯೂಬ್‌ಲೈಟು ಸೆಕೆಂಡಿಗೆ 100 ಬಾರಿ ಬೆಳಗಿ ಮಂಕಾಗುತ್ತದೆ. ಫೋನನ್ನು 30 ಫ್ರೇಮ್‌ಗಳಿಗೆ ಬಿಟ್ಟು ಸಭಾಂಗಣದೊಳಗೆ ಚಿತ್ರೀಕರಿಸಿದಾಗ ಚಿತ್ರದಲ್ಲಿ ಪಟ್ಟೆಗಳು ಓಡಾಡುವುದಕ್ಕೆ ಅನೇಕ ವೇಳೆ ಇದೇ ಕಾರಣ. 25 ಫ್ರೇಮ್ ಮತ್ತು ಸೆಕೆಂಡಿನ 50ನೇ ಒಂದು ಭಾಗದ ಶಟರ್ ಇಟ್ಟರೆ ಪಟ್ಟೆಗಳು ನಿಲ್ಲುತ್ತವೆ. ನಮ್ಮ ದೂರದರ್ಶನದ ಪ್ರಸಾರವೂ 25 ಫ್ರೇಮ್‌ಗಳದ್ದೇ. ಇದಲ್ಲದೆ, ಅನೇಕ ಫೋನುಗಳು ಮಂದ ಬೆಳಕಿನಲ್ಲಿ ಫ್ರೇಮ್‌ಗಳ ವೇಗವನ್ನು ತಾವೇ ಬದಲಿಸುತ್ತವೆ. ಅಂತಹ ಫೈಲನ್ನು ನೇರವಾಗಿ ಸಂಕಲನ ತಂತ್ರಾಂಶಕ್ಕೆ ಹಾಕಿದರೆ, ಸಭೆ ಸಾಗಿದಂತೆ ತುಟಿಯ ಚಲನೆಗೂ ದನಿಗೂ ತಾಳ ತಪ್ಪಬಹುದು. ಯಾರ ಮಾತು ಯಾರದೆಂಬುದೇ ವಿವಾದವಾಗಬಹುದು. ವೇಗವನ್ನು ಸ್ಥಿರವಾಗಿಡುವ ವ್ಯವಸ್ಥೆ ಇರುವ ಕ್ಯಾಮೆರಾ ಅಥವಾ ಆ್ಯಪ್ ಬಳಸುವುದು ಇದಕ್ಕೆ ಪರಿಹಾರ.

ಮೂರನೆಯದು ಧ್ವನಿ. ಚಿತ್ರ ಕೊಂಚ ಮಂಕಾದರೂ ಮಾತು ತಿಳಿದರೆ ದಾಖಲೆ ಉಪಯೋಗಕ್ಕೆ ಬರುತ್ತದೆ. ಮಾತು ತಿಳಿಯದಿದ್ದರೆ ಎಷ್ಟು ಸುಂದರ ಚಿತ್ರವೂ ನಿಷ್ಪ್ರಯೋಜಕ. ಸಭಾಂಗಣದ ಹಿಂಬದಿಯ ಕ್ಯಾಮೆರಾದ ಮೈಕು ಫ್ಯಾನಿನ ಸದ್ದನ್ನು ಮೊದಲು ಹಿಡಿಯುತ್ತದೆ. ಧ್ವನಿವರ್ಧಕದ ಯಂತ್ರದಿಂದ ತಂತಿಯ ಮೂಲಕ ಧ್ವನಿಯನ್ನು ಪ್ರತ್ಯೇಕವಾಗಿ ಪಡೆಯುವುದು ಮತ್ತು ಗ್ರಾಮಸ್ಥರು ಮಾತನಾಡುವಾಗ ಅವರ ಕೈಗೂ ಮೈಕು ತಲುಪಿಸುವುದು ವೃತ್ತಿಪರ ಕ್ರಮ.

ನಾಲ್ಕನೆಯದು ಸಂಕಲನ. ವೃತ್ತಿಪರ ಸಂಕಲನಕಾರರು ಮೂಲ ಫೈಲನ್ನು ಕತ್ತರಿಸುವುದಿಲ್ಲ. ಯಾವ ಭಾಗ ಎಲ್ಲಿಂದ ಎಲ್ಲಿಯವರೆಗೆ ಬೇಕು ಎಂಬ ಪಟ್ಟಿಯನ್ನು ತಂತ್ರಾಂಶದಲ್ಲಿ ಸಿದ್ಧಪಡಿಸಿ, ಅದರಂತೆ ಹೊಸ ಪ್ರತಿಯನ್ನು ತೆಗೆಯುತ್ತಾರೆ. ಹವ್ಯಾಸಿಗಳು ಬೇಡವಾದುದನ್ನು ಫೋನಿನಲ್ಲೇ ಕತ್ತರಿಸಿ, ಅದರ ಮೇಲೆಯೇ ಉಳಿಸುತ್ತಾರೆ. ಹೋದದ್ದು ಮರಳಿ ಬರುವುದಿಲ್ಲ. ಪ್ರಶ್ನೆಯನ್ನು ತೆಗೆದು ಉತ್ತರವನ್ನಷ್ಟೇ ಉಳಿಸಿದರೆ ಸತ್ಯವೂ ಸುಳ್ಳಿನಂತೆ ಕೇಳಿಸುತ್ತದೆ. ಪ್ರಚಾರಕ್ಕೆಂದು ಐದು ನಿಮಿಷದ ಪ್ರತಿ ಮಾಡುವುದರಲ್ಲಿ ದೋಷವಿಲ್ಲ. ಅದರ ಮೇಲೆ 'ಸಾರಾಂಶ' ಎಂದು ಬರೆದಿರಬೇಕು ಮತ್ತು ಮೂಲವು ಕಚೇರಿಯಲ್ಲಿ ಇರಬೇಕು.

ಕೊನೆಯದು ಸಂರಕ್ಷಣೆ. ಎಂಪಿ4 ಫೈಲಿನ ಸೂಚಿಯನ್ನು ಬಹುತೇಕ ಸಾಧನಗಳು ಚಿತ್ರೀಕರಣ ಮುಗಿದಾಗ ಬರೆಯುತ್ತವೆ. ನಡುವೆ ಬ್ಯಾಟರಿ ಮುಗಿದರೆ ಇಡೀ ಫೈಲು ತೆರೆಯದೆ ಹೋಗಬಹುದು. ಸಾಧನಕ್ಕೆ ವಿದ್ಯುತ್ ಸಂಪರ್ಕ ಕೊಟ್ಟೇ ಚಿತ್ರೀಕರಿಸುವುದು ಕ್ಷೇಮ. ಎಫ್‌ಎಟಿ32 ರೀತಿಯ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಫೈಲು ಹಿಡಿಯದು. ಆಗ ಫೈಲನ್ನು ಕುಗ್ಗಿಸಲು ಹೊರಡದೆ, ಪೆನ್‌ಡ್ರೈವನ್ನು ಖಾಲಿ ಮಾಡಿಕೊಂಡು ಎಕ್ಸ್‌ಫ್ಯಾಟ್ ರೀತಿಗೆ ಬದಲಿಸಿಕೊಳ್ಳಬೇಕು. ಎರಡು ಹಾರ್ಡ್‌ಡಿಸ್ಕ್‌ಗಳಲ್ಲಿ ಪ್ರತಿಗಳಿರಲಿ. ಒಂದು ಪಂಚಾಯಿತಿ ಕಚೇರಿಯಿಂದ ಹೊರಗೆ ಬೇರೊಂದು ಸುರಕ್ಷಿತ ಸ್ಥಳದಲ್ಲಿರಲಿ.

ಇದು ಕಾನೂನಿನ ವಿಷಯವೂ ಹೌದು. 2014ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯಲ್ಲಿ ಜಾಲನಾ ಕ್ಷೇತ್ರದ ನಾಮಪತ್ರಗಳು ಸಮಯದೊಳಗೆ ಸಲ್ಲಿಕೆಯಾದವೇ ಎಂಬ ವಿವಾದದಲ್ಲಿ, ಚುನಾವಣಾಧಿಕಾರಿಯ ಕಚೇರಿಯ ವಿಡಿಯೊ ದಾಖಲೆಗಳೇ ಮುಖ್ಯ ಸಾಕ್ಷ್ಯವಾದವು. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣವೆಂದು ಹೆಸರಾದ ಅದರಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಜುಲೈ 14ರಂದು, ಮೂಲ ಸಾಧನವನ್ನು ಹಾಜರುಪಡಿಸದೆ ಪ್ರತಿಯನ್ನು ಒಪ್ಪಿಸುವಾಗ ಕಾನೂನು ವಿಧಿಸಿದ ಪ್ರಮಾಣಪತ್ರ ಕಡ್ಡಾಯವೆಂದು ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಪ್ರಕರಣದ ಪ್ರಮಾಣಪತ್ರ ನಮೂನೆಯಲ್ಲಿ ಫೈಲಿನ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಹ್ಯಾಶ್ ಎಂದರೆ ಫೈಲಿನ ಬೆರಳಚ್ಚು. ಎಸ್‌ಎಚ್‌ಎ-256 ಪದ್ಧತಿಯಲ್ಲಿ ಅದು ಅಂಕಿ ಮತ್ತು ಅಕ್ಷರಗಳು ಸೇರಿದ 64 ಚಿಹ್ನೆಗಳ ಸಾಲು. ಫೈಲಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಆ ಸಾಲು ಬದಲಾಗುತ್ತದೆ. ಸಭೆ ಮುಗಿದ ದಿನವೇ ಅದನ್ನು ಲೆಕ್ಕಹಾಕಿ ನಡವಳಿ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಯಾರೂ ವಿಡಿಯೊವನ್ನು ತಿದ್ದಿ ಇದೇ ಮೂಲವೆಂದು ಸಾಧಿಸಲಾರರು.

ಚಿತ್ರೀಕರಣವನ್ನು ಊರಿನ ಸ್ಟುಡಿಯೊಗೆ ವಹಿಸುವ ಪಂಚಾಯಿತಿಗಳೂ ಇವೆ. ಮದುವೆಯ ವಿಡಿಯೊಗೆ ಹಾಡು, ನಿಧಾನಗತಿ, ಬಣ್ಣದ ಅಲಂಕಾರ ಶೋಭೆ ತರುತ್ತವೆ. ಸಭೆಯ ದಾಖಲೆಗೆ ಅವು ಸಲ್ಲವು. ಕೆಲಸ ಮುಗಿದ ಮೇಲೆ ಸಂಕಲಿಸಿದ ಪ್ರತಿಯನ್ನಷ್ಟೇ ಒಪ್ಪಿಸಿ, ಮೆಮೊರಿ ಕಾರ್ಡನ್ನು ಮುಂದಿನ ಮದುವೆಗಾಗಿ ಅಳಿಸಿದರೆ ಮೂಲವು ಅಲ್ಲಿಗೇ ಮುಗಿಯಿತು. ಆದ್ದರಿಂದ ಸ್ಥಿರವಾದ 25 ಫ್ರೇಮ್, ಪ್ರತ್ಯೇಕ ಧ್ವನಿ, ಸಂಕಲಿಸದ ಮೂಲ ಫೈಲಿನ ಹಸ್ತಾಂತರ ಎಂಬ ಮೂರು ಷರತ್ತುಗಳು ಕಾರ್ಯಾದೇಶದಲ್ಲಿಯೇ ಇರಬೇಕು, ಮತ್ತು ಮೂಲ ಫೈಲು ಕಚೇರಿಗೆ ತಲುಪಿ ತೆರೆದು ನೋಡಿದ ನಂತರವೇ ಬಿಲ್ಲು ಪಾವತಿಯಾಗಬೇಕು. ಮುಂದಿನ ಗ್ರಾಮಸಭೆಯ ದಿನಾಂಕ ನಿಗದಿಯಾಗುವ ಸಾಮಾನ್ಯ ಸಭೆಯಲ್ಲಿಯೇ ಸದಸ್ಯರು ಈ ಷರತ್ತುಗಳನ್ನು ಪ್ರಸ್ತಾಪಿಸಿ, ನಿರ್ಣಯವಾಗಿ ದಾಖಲಿಸಬಹುದು.