"ಅವಧಿ ಮುಗಿದಿದೆ ಅಜ್ಜಿ": ವಕೀಲಿ ಕಲಿಕೆಯಲ್ಲಿ ನಾನು ತಪ್ಪಿದ ಪಾಠ

ಕಾನೂನು ಕಾಲೇಜುಗಳಲ್ಲಿ ಕೊಡುವ ವೃತ್ತಿ ತರಬೇತಿ ಬಗ್ಗೆ ಇವತ್ತು ಮಾತಾಡಬೇಕು ಅಂತ ಬಂದಿದ್ದೇನೆ. ನಾನು ಅಂಕೋಲೆಯವನು. ಕಾರವಾರ ಮತ್ತು ಅಂಕೋಲೆ ಕೋರ್ಟುಗಳಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ವಕೀಲಿ ಮಾಡ್ತಾ ಇದ್ದೇನೆ. ಮೊದಲು ನನ್ನದೇ ಒಂದು ತಪ್ಪಿನ ಕಥೆ ಹೇಳ್ತೇನೆ.

ಸನ್ನದು ಸಿಕ್ಕಿ ಮೂರು ತಿಂಗಳಾಗಿತ್ತು. ಕಾರವಾರದಲ್ಲಿ ಸೀನಿಯರ್ ಆಫೀಸಿನಲ್ಲಿ ಒಬ್ಬನೇ ಕೂತಿದ್ದೆ. ಒಬ್ಬರು ಅಜ್ಜಿ ಬಂದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಅದರ ತುಂಬ ಕಾಗದ. ಅವರ ಹಿತ್ತಲು ಸೀಬರ್ಡ್ ನೌಕಾನೆಲೆಗೆ ಹೋಗಿತ್ತು.

ಸೀಬರ್ಡ್ ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1986ರಲ್ಲಿ ಶಂಕುಸ್ಥಾಪನೆ ಆಯ್ತು. ಕಾರವಾರ, ಅಂಕೋಲಾ ತಾಲೂಕುಗಳ ಕರಾವಳಿ ಊರುಗಳಿಂದ ಸಾವಿರಾರು ಕುಟುಂಬಗಳು ಎದ್ದು ಹೋದವು. 2005ರಲ್ಲಿ ಐಎನ್‌ಎಸ್ ಕದಂಬ ಶುರುವಾಯ್ತು. ಪರಿಹಾರದ ಕೇಸುಗಳು ಮಾತ್ರ ಅದರಾಚೆಗೂ ನಡೆದವು.

ಅಜ್ಜಿ ಕೇಳಿದ್ದು ಇಷ್ಟೇ: "ಪಕ್ಕದ ಮನೆಯವರಿಗೆ ಕೋರ್ಟು ಜಾಸ್ತಿ ದುಡ್ಡು ಕೊಡ್ತಂತೆ ತಮಾ. ನಾನು ಕೋರ್ಟಿಗೇ ಹೋಗಿರಲಿಲ್ಲ. ನನಗೂ ಸಿಕ್ತದಾ?"

ಪುಸ್ತಕ ತೆಗೆದೆ. 1894ರ ಭೂಸ್ವಾಧೀನ ಕಾಯ್ದೆ, 28-ಎ ಕಲಂ. ಒಂದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡವರಲ್ಲಿ ಯಾರಿಗಾದರೂ ಕೋರ್ಟು ಹೆಚ್ಚು ಪರಿಹಾರ ಕೊಟ್ಟರೆ, 18ನೇ ಕಲಮಿನ ಅರ್ಜಿ ಹಾಕದೇ ಸುಮ್ಮನಿದ್ದವರೂ ಮರುನಿರ್ಣಯ ಕೇಳಬಹುದು. ಆದರೆ ಕೋರ್ಟಿನ ಐತೀರ್ಪು ಬಂದ ಮೂರು ತಿಂಗಳೊಳಗೆ. ಪಕ್ಕದ ಮನೆಯವರ ಕೇಸು ಮುಗಿದು ವರ್ಷವೇ ಆಗಿತ್ತು. "ಅವಧಿ ಮುಗಿದಿದೆ ಅಜ್ಜಿ" ಅಂದೆ. ಅವರು ಮರುಮಾತಾಡದೆ ಚೀಲದ ಬಾಯಿಗೆ ಗಂಟು ಹಾಕಿ ಎದ್ದರು.

ಮೆಟ್ಟಿಲ ಹತ್ತಿರ ಸೀನಿಯರ್ ಸಿಕ್ಕಿದರು. ಅಜ್ಜಿಯನ್ನು ವಾಪಸ್ ಕರೆತಂದು ಕೂರಿಸಿ ನನ್ನನ್ನು ಕೇಳಿದರು: "ಅದೇ ಅಧಿಸೂಚನೆಯ ಬೇರೆ ಕೇಸು ಇತ್ತೀಚೆಗೆ ತೀರ್ಮಾನ ಆಗಿದೆಯಾ ನೋಡಿದೆಯಾ?" ನಾನು ನೋಡಿರಲಿಲ್ಲ. ಮೂರು ತಿಂಗಳನ್ನು ಮೊದಲ ಐತೀರ್ಪಿನಿಂದಲೇ ಎಣಿಸಬೇಕಾಗಿಲ್ಲ, ಆಮೇಲೆ ಬಂದ ಐತೀರ್ಪನ್ನೂ ಆಧಾರ ಮಾಡಿಕೊಳ್ಳಬಹುದು ಅಂತ ಸುಪ್ರೀಂ ಕೋರ್ಟು 1995ರಲ್ಲಿ ಪ್ರದೀಪ್ ಕುಮಾರಿ ಪ್ರಕರಣದಲ್ಲಿ ಹೇಳಿತ್ತು. ಕೋರ್ಟಿಗೆ ಓಡಿದೆ. ಹಿಂದಿನ ತಿಂಗಳಷ್ಟೇ ಮುಗಿದ ಒಂದು ಕೇಸು ಸಿಕ್ಕಿತು. ದೃಢೀಕೃತ ನಕಲಿಗೆ ಅರ್ಜಿ ಹಾಕಿದೆವು. ನಕಲು ಸಿಗಲು ಹಿಡಿಯುವ ದಿನಗಳನ್ನು ಅವಧಿಯಲ್ಲಿ ಲೆಕ್ಕ ಹಿಡಿಯೋದಿಲ್ಲ, ಅದೂ ಆವತ್ತೇ ಗೊತ್ತಾಗಿದ್ದು. ಅಜ್ಜಿಗೆ ದುಡ್ಡು ಬರಲು ವರ್ಷಗಳು ಹಿಡಿದವು, ಆದರೆ ಬಂತು. ಸೀನಿಯರ್ ಐದು ನಿಮಿಷ ತಡವಾಗಿ ಬಂದಿದ್ದರೆ? ಆ ಪ್ರಶ್ನೆ ಇವತ್ತಿಗೂ ಬಿಟ್ಟಿಲ್ಲ.

ಕಲಂ ನನಗೆ ಗೊತ್ತಿತ್ತು. ಎದುರು ಕೂತವರನ್ನು ಏನು ಕೇಳಬೇಕು, ಯಾವ ಕಾಗದ ಹುಡುಕಬೇಕು ಅನ್ನೋದು ಗೊತ್ತಿರಲಿಲ್ಲ. ಕಾಲೇಜು ಕಲಿಸಿರಲಿಲ್ಲವಾ? ಲೆಕ್ಕಕ್ಕೆ ಕಲಿಸಿತ್ತು.

ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ಕಾನೂನು ಶಿಕ್ಷಣ ನಿಯಮಗಳಲ್ಲಿ ನಾಲ್ಕು ಪ್ರಾಯೋಗಿಕ ಪತ್ರಿಕೆ ಕಡ್ಡಾಯ. ಕರಡು ರಚನೆ, ವೃತ್ತಿ ನೀತಿ, ಪರ್ಯಾಯ ವ್ಯಾಜ್ಯ ಪರಿಹಾರ, ಅಣಕು ನ್ಯಾಯಾಲಯ. ಕರಡು ಪತ್ರಿಕೆಯಲ್ಲಿ ದಾವೆ, ಕೈಫಿಯತ್ತು, ಅರ್ಜಿ ಹೀಗೆ ಹದಿನೈದು, ಕ್ರಯಪತ್ರ, ಮೃತ್ಯುಪತ್ರದಂಥವು ಹದಿನೈದು ಬರೀಬೇಕು. ಅಣಕು ನ್ಯಾಯಾಲಯದ ಪತ್ರಿಕೆಯಲ್ಲಿ ಒಂದು ಸಿವಿಲ್, ಒಂದು ಕ್ರಿಮಿನಲ್ ವಿಚಾರಣೆ ಕೂತು ನೋಡಬೇಕು. ವಕೀಲರ ಆಫೀಸಿನಲ್ಲೋ ಕಾನೂನು ನೆರವು ಕೇಂದ್ರದಲ್ಲೋ ಎರಡು ಸಲ ಕಕ್ಷಿದಾರರ ಜೊತೆ ಮಾತುಕತೆ ಗಮನಿಸಿ ಬರೆದಿಡಬೇಕು. ಮೂರು ವರ್ಷದ ಕೋರ್ಸಿಗೆ ಹನ್ನೆರಡು ವಾರ, ಐದು ವರ್ಷದ್ದಕ್ಕೆ ಇಪ್ಪತ್ತು ವಾರ ಇಂಟರ್ನ್‌ಶಿಪ್. ಹುಬ್ಬಳ್ಳಿಯಲ್ಲಿ 2009ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಿಗೂ ಇದೇ ಚೌಕಟ್ಟು.

ನನ್ನ ಕಾಲಕ್ಕೂ ಈ ಪತ್ರಿಕೆಗಳು ಇದ್ದವು. ನಾನು ಏನು ಮಾಡಿದೆ? ಹಿಂದಿನ ವರ್ಷದವರ ಪುಸ್ತಕ ಇಸ್ಕೊಂಡು ಮೂರು ರಾತ್ರಿ ಕೂತು ನಕಲು ಮಾಡಿದೆ. ಕಕ್ಷಿದಾರರ ಮಾತುಕತೆಯನ್ನು ಮನಸ್ಸಿನಲ್ಲೇ ಕಟ್ಟಿ ಬರೆದೆ. ಯಾರೂ ಕೇಳಲಿಲ್ಲ. ಅಂಕ ಚೆನ್ನಾಗೇ ಬಂತು.

ಆಮೇಲೆ ಕಲಿಸುವ ವ್ಯವಸ್ಥೆ ಏನಾದರೂ ಇತ್ತಾ? ಸನ್ನದಿಗೆ ಮುಂಚೆ ಒಂದು ವರ್ಷ ಹಿರಿಯ ವಕೀಲರ ಕೈಕೆಳಗೆ ತರಬೇತಿ ಕಡ್ಡಾಯ ಅಂತ ಬಾರ್ ಕೌನ್ಸಿಲ್ 1995ರಲ್ಲಿ ನಿಯಮ ಮಾಡಿತ್ತು. ವಿ. ಸುಧೀರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1999ರಲ್ಲಿ ಅದನ್ನು ರದ್ದು ಮಾಡಿತು. ಆ ಷರತ್ತನ್ನು ಸಂಸತ್ತೇ 1973ರಲ್ಲಿ ವಕೀಲರ ಕಾಯ್ದೆಯಿಂದ ತೆಗೆದಿತ್ತು, ನಿಯಮ ಮಾಡಿ ಅದನ್ನು ವಾಪಸ್ ತರಲು ಬರೋದಿಲ್ಲ ಅನ್ನೋದು ಕಾರಣ. ಈಗ ಅಖಿಲ ಭಾರತ ವಕೀಲರ ಪರೀಕ್ಷೆ ಇದೆ. 2023ರಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪರೀಕ್ಷೆ ಬೇಕು, ಒಪ್ಪುತ್ತೇನೆ. ಆದರೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕೋದರಿಂದ ಅಜ್ಜಿಯ ಚೀಲ ಬಿಚ್ಚಿ ನೋಡುವ ಅಭ್ಯಾಸ ಬರೋದಿಲ್ಲ. ಅದು ಬರಬೇಕಾದ್ದು ಆ ನಾಲ್ಕು ಪತ್ರಿಕೆಗಳಿಂದ.

ಹಳೇ ಕಥೆ ಅಂದುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಹೊಸ ಸಾಕ್ಷ್ಯ ಕಾಯ್ದೆ, ಅಂದರೆ ಭಾರತೀಯ ಸಾಕ್ಷ್ಯ ಅಧಿನಿಯಮ, ಜಾರಿಗೆ ಬಂದು ಹದಿನೈದೇ ದಿನ ಆಗಿತ್ತು. ಹೊಳೆ ಪಾಲಾದವರ ದೇಹ ಸಿಗದಿದ್ದರೆ ಮನೆಯವರು ಏಳು ವರ್ಷ ಕಾಯಬೇಕಾ? 111ನೇ ಕಲಮಿನಲ್ಲಿ ಏಳು ವರ್ಷದ ಮಾತಿದೆ. ಆದರೆ ಅದು ಏಳು ವರ್ಷ ಸುದ್ದಿಯೇ ಇಲ್ಲದವರ ವಿಷಯದಲ್ಲಿ ಸಾಬೀತಿನ ಹೊಣೆ ಯಾರ ಮೇಲೆ ಅಂತ ಹೇಳುವ ಕಲಂ. ಸಂದರ್ಭದ ಸಾಕ್ಷ್ಯ ಇಟ್ಟು ಅದಕ್ಕೂ ಮೊದಲೇ ಸಾವನ್ನು ಸಾಬೀತು ಮಾಡಲು ಅದು ಅಡ್ಡಿಯಲ್ಲ. ಕಲಂ ಮಾತ್ರ ಓದಿದವನು "ಏಳು ವರ್ಷ ಕಾಯಿರಿ" ಅಂದುಬಿಡ್ತಾನೆ. ನಾನು "ಅವಧಿ ಮುಗಿದಿದೆ" ಅಂದ ಹಾಗೇ.

ಹಾಗಾಗಿ ಕಾನೂನು ಕಾಲೇಜಿನ ಮೇಷ್ಟ್ರುಗಳಿಗೆ ನನ್ನದು ಸಣ್ಣ ಕೋರಿಕೆ. ಮೂವತ್ತು ಕರಡು ಬರೆಸಿ, ಆದರೆ ಅದರಲ್ಲಿ ಹತ್ತಾದರೂ ಊರಿನ ನಿಜವಾದ ಕಾಗದ ನೋಡಿ ಬರೆದದ್ದಾಗಿರಲಿ. ಪಹಣಿ, ನೋಟಿಸು, ಐತೀರ್ಪು, ಯಾವುದಾದರೂ ಸರಿ. ಹೆಸರು ಅಳಿಸಿ ಕೊಟ್ಟರಾಯ್ತು. ಕಾರವಾರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಮಕ್ಕಳನ್ನು ಕೂರಿಸಿ. ಕೊಂಕಣಿಯಲ್ಲಿ ಅಳುತ್ತಾ ಹೇಳಿದ್ದನ್ನು ಕನ್ನಡದ ಅರ್ಜಿಗೆ ಇಳಿಸೋದು ಎಷ್ಟು ಕಷ್ಟ ಅಂತ ಅವರಿಗೂ ಗೊತ್ತಾಗಲಿ.

ವಿದ್ಯಾರ್ಥಿಗಳೇ, ಪ್ರಾಯೋಗಿಕ ಪುಸ್ತಕ ನಕಲು ಮಾಡಬೇಡಿ. ನಾನು ಮಾಡಿದ್ದೆ, ಅದರ ಬೆಲೆಯನ್ನು ಆ ಅಜ್ಜಿ ತೆರಬೇಕಾಗಿತ್ತು.