ಹಳೆಯ ಕನ್ನಡಕ್ಕೆ ಹೊಸ ಕಂಪ್ಯೂಟರ್

(ಶಹಾಪುರದಲ್ಲಿ ಕನ್ನಡ ಯುವಕರ ಮುಂದೆ ಮುದ್ರಣಾಲಯದ ಮಾಲೀಕರೊಬ್ಬರು ಆಡಿದ ಮಾತುಗಳ ಅಕ್ಷರರೂಪ)



ಯಾದಗಿರಿ, ಶಹಾಪುರ, ಸುರಪುರದಿಂದ ಬೆಂಗಳೂರು ಸೇರಿ ಪ್ರೋಗ್ರಾಮಿಂಗ್ ಕಲಿಯುತ್ತಿರುವವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಯಾವ ಕಂಪ್ಯೂಟರ್ ತಗೊಳ್ಳಲಿ ಎಂದು ಕೇಳುತ್ತೀರಿ. ನಾನು ಪಿಯುಸಿ ಓದಿದವನು, ಪ್ರೆಸ್ ನಡೆಸುವವನು. ಅಂಗಡಿಯವನ ಉತ್ತರ ನನ್ನಲ್ಲಿಲ್ಲ. ನಮ್ಮ ಹಳೆಯ ಕನ್ನಡವನ್ನು ತೆರೆಯಬಲ್ಲ ಯಂತ್ರ ತಗೊಳ್ಳಿ ಎನ್ನುತ್ತೇನೆ!

ಹಳೆಯ ಕನ್ನಡ ಎಂದರೆ ಪಂಪನ ಕಾಲದ್ದಲ್ಲ. 1990ರ ದಶಕದಿಂದ ಈಚೆಗೆ ಶ್ರೀಲಿಪಿ, ಬರಹ, ನುಡಿ ಅಕ್ಷರಗಳಲ್ಲಿ ಟೈಪ್ ಮಾಡಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಕನ್ನಡ. ತತ್ವಪದದ ಪುಸ್ತಕ, ತಿಂಥಣಿ ಮೌನೇಶ್ವರ ಜಾತ್ರೆಯ ಕರಪತ್ರ, ಊರ ಕವಿಯ ಮೊದಲ ಸಂಕಲನ, ನಮ್ಮದೇ ಹೋರಾಟದ ಮನವಿಪತ್ರ, ಎಲ್ಲವೂ ಸಿಡಿಗಳಲ್ಲಿ, ಧೂಳು ಹಿಡಿದ ಹಾರ್ಡ್ ಡಿಸ್ಕ್‌ಗಳಲ್ಲಿ ಬಿದ್ದಿವೆ. ಆ ಫಾಂಟ್‌ಗಳಲ್ಲಿ ಕನ್ನಡ ಕೂತಿದ್ದು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ, ಬಾಡಿಗೆದಾರನಾಗಿ! ಫಾಂಟ್ ತೆಗೆದರೆ ಉಳಿಯುವುದು ರೋಮನ್ ಕಲಸುಮೇಲೋಗರ. ಗೂಗಲ್‌ನಲ್ಲಿ ಹುಡುಕಿದರೆ ಸಿಗದು, ಮೊಬೈಲ್‌ನಲ್ಲಿ ಓದಲಾಗದು.

ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. ಆದರೆ ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬಾರದು, ಹಾಗಾಗಿ ಪ್ರೆಸ್ ಮಂದಿ ಬಹುಕಾಲ ಹಳೆಯದರಲ್ಲೇ ಉಳಿದೆವು. ಆ ಪೇಜ್‌ಮೇಕರ್ 2001ರ 7ನೇ ಆವೃತ್ತಿಗೇ ನಿಂತಿತು. ಅದು ಸಲೀಸಾಗಿ ಓಡುವ ವಿಂಡೋಸ್ ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿತು. ಹಳೆಯ ಯಂತ್ರ ಒಂದೊಂದು ಕೆಟ್ಟಂತೆಲ್ಲ ಒಂದೊಂದು ಬಾಗಿಲು ಮುಚ್ಚುತ್ತಿದೆ.

ವರ್ಚುವಲ್ ಮೆಷಿನ್ ಬೇಕಾಗುವುದು ಇಲ್ಲೇ. ಕಂಪ್ಯೂಟರ್‌ನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರ್ ಎಂದುಕೊಳ್ಳಿ. ವರ್ಚುವಲ್‌ಬಾಕ್ಸ್ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಅದರಲ್ಲಿ ಎಕ್ಸ್‌ಪಿ, ಪೇಜ್‌ಮೇಕರ್, ಫಾಂಟ್ ಹಾಕಿದರೆ ಇಪ್ಪತ್ತು ವರ್ಷದ ಹಿಂದಿನ ಪ್ರೆಸ್ಸೇ ನಿಮ್ಮ ಮೇಜಿನ ಮೇಲೆ! ಅದಕ್ಕೆ ಇಂಟರ್ನೆಟ್ ಮಾತ್ರ ಕೊಡಬೇಡಿ, ವೈರಸ್ ಹೊಕ್ಕೀತು.

ಈಗ ಯಂತ್ರದ ಮಾತು. ಮೊದಲು ರ‍್ಯಾಮ್. ಎಕ್ಸ್‌ಪಿಗೆ 1 ಜಿಬಿ ಸಾಕು. ನಿಮ್ಮ ಓದಿಗೆ ಬೇಕಾದ ಲಿನಕ್ಸ್ ಮೆಷಿನ್ ಒಂದಕ್ಕೆ 4 ಜಿಬಿ ಇಡಿ. ಹೊರಗಿನ ವಿಂಡೋಸ್, ಬ್ರೌಸರ್ ಸೇರಿದರೆ 8 ಜಿಬಿಯ ಯಂತ್ರಕ್ಕೆ ಉಸಿರುಗಟ್ಟುತ್ತದೆ. 16 ಕನಿಷ್ಠ, 32 ಆದರೆ ನೆಮ್ಮದಿ. ಕೈಯಲ್ಲಿ ದುಡ್ಡಿಲ್ಲವೇ? 16 ತಗೊಂಡು, ಇನ್ನೊಂದು ಸ್ಲಾಟ್ ಖಾಲಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಆಮೇಲೆ ಹೆಚ್ಚಿಸಲಾಗದು. ಪ್ರೊಸೆಸರ್‌ನ ಸ್ಟಿಕರ್ ನೋಡಬೇಡಿ, ಕೋರ್ ಎಣಿಸಿ, ಆರಾದರೂ ಇರಲಿ. ಬಯಾಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿಸಿ. ಎಸ್‌ಎಸ್‌ಡಿ 512 ಜಿಬಿ. ಗ್ರಾಫಿಕ್ಸ್ ಕಾರ್ಡ್ ಆಟ ಆಡುವವರಿಗೆ. ಆ ದುಡ್ಡು ರ‍್ಯಾಮ್‌ಗೆ ಹಾಕಿ.

ಆಪಲ್ ಮೋಹ ಕೆಲವರಿಗಿದೆ. 2020ರಿಂದ ಬಂದ ಎಂ ಸರಣಿಯ ಚಿಪ್ ಬೇರೆ ಜಾತಿಯದು, ಎಕ್ಸ್‌ಪಿ ಇಂಟೆಲ್ ಜಾತಿಗೆ ಬರೆದದ್ದು. ಓಡಿಸಬಹುದು, ಆದರೆ ಎತ್ತಿನ ಬಂಡಿಯ ವೇಗ. ಸ್ನಾಪ್‌ಡ್ರಾಗನ್ ಲ್ಯಾಪ್‌ಟಾಪ್‌ಗೂ ಇದೇ ಮಾತು.

ಕಡತ ತೆರೆದ ಮೇಲೆ ಅದನ್ನು ಯೂನಿಕೋಡ್‌ಗೆ ತರಬೇಕು. ನುಡಿ, ಬರಹಕ್ಕೆ ಪರಿವರ್ತಕಗಳಿವೆ. ಆದರೆ ಕಂಪನಿಗೊಂದು ಅಕ್ಷರ ಜೋಡಣೆ! 'ಕರ್ನಾಟಕ' ಎಂಬ ಪದವನ್ನೇ ನೋಡಿ. ನುಡಿಯ ಹಳೆಯ ಫಾಂಟ್‌ನಲ್ಲಿ 'ನಾ' ಮೊದಲು, ಅರ್ಕಾವೊತ್ತು ಆಮೇಲೆ, ಕಣ್ಣಿಗೆ ಕಾಣುವ ಹಾಗೆ. ಯೂನಿಕೋಡ್‌ನಲ್ಲಿ 'ರ್' ಮೊದಲು, 'ನಾ' ಆಮೇಲೆ, ನಾಲಿಗೆ ನುಡಿಯುವ ಹಾಗೆ. ಇದನ್ನು ತಿರುವಿ ಹಾಕುವ ಪ್ರೋಗ್ರಾಂ ಬರೆಯಲು ಅಮೆರಿಕದವರು ಬರುತ್ತಾರೆಯೇ? ನಿಮಗೆ ಪೈಥಾನ್ ಬರುತ್ತದೆ. ಯಾವ ಒತ್ತು ಎಲ್ಲಿ ಕೂಡುತ್ತದೆಂದು ನಮ್ಮ ಡಿಟಿಪಿ ಹುಡುಗರಿಗೆ ಗೊತ್ತು. ಇಬ್ಬರೂ ಒಂದೇ ಮೇಜಿಗೆ ಕೂಡಬೇಕು. ನಾಮಫಲಕದಲ್ಲಿ ಶೇ. 60 ಕನ್ನಡವೆಂದು 2024ರಲ್ಲಿ ಕಾನೂನು ತಿದ್ದುಪಡಿಯಾಯಿತು, ಸಂತೋಷ. ಬೀರುವಿನ ಸಿಡಿಯೊಳಗಿನ ಕನ್ನಡಕ್ಕೆ ಯಾವ ಕಾನೂನು ಬರುತ್ತದೆ?

ದಸರೆಗೆ ಊರಿಗೆ ಬಂದಾಗ ನಿಮ್ಮ ಊರಿನ ಪ್ರೆಸ್ಸಿಗೆ ಹೋಗಿ. ಹಳೆಯ ಕಂಪ್ಯೂಟರ್ ಗುಜರಿಗೆ ಹಾಕುವ ಮುನ್ನ ಹಾರ್ಡ್ ಡಿಸ್ಕ್ ಕೇಳಿ ಪಡೆಯಿರಿ. ಅದನ್ನು ಯುಎಸ್‌ಬಿಗೆ ಜೋಡಿಸುವ ಅಡಾಪ್ಟರ್ ಸಿಗುತ್ತದೆ. ಮೊದಲು ಇಡೀ ಡಿಸ್ಕ್‌ನ ಪ್ರತಿ ತೆಗೆಯಿರಿ, ಆಮೇಲೆ ಕಡತ ಹುಡುಕಿ. ಕನ್ನಡ ತಂತ್ರಾಂಶದ ಲಾಕ್ ಹಿಂದೆ ಚುಚ್ಚಿದ್ದರೆ ಅದನ್ನೂ ಬಿಡದೆ ತನ್ನಿ.