ಮೃತ್ಯುಂಜಯ ಮಂತ್ರ ಮತ್ತು ಸವತಿಬಳ್ಳಿ

ಗಜೇಂದ್ರಗಡದ ಹತ್ತಿರ, ಗುಡ್ಡದ ಮಗ್ಗುಲಲ್ಲಿ ಕಾಲಕಾಲೇಶ್ವರನ ಗುಡಿಯಿದೆ. ಮೆಟ್ಟಿಲುಗಳನ್ನೇರಿ ಹೋದವರು ಅರಳಿಯ ಬೇರುಗಳ ಎಡೆಯಿಂದ ಹೊಂಡಕ್ಕಿಳಿಯುವ ಅಂತರಗಂಗೆಯ ನೀರನ್ನು ನೆನೆಯುತ್ತಾರೆ. ನನಗೆ ಮಾತ್ರ ಆ ದೇವರ ಹೆಸರೇ ಹೆಚ್ಚು ಕುತೂಹಲದ್ದು. ಕಾಲನಿಗೆ ಕಾಲನಾದವನು, ಅಂದರೆ ಯಮನಿಗೇ ಯಮನಾದವನು. ಮಾರ್ಕಂಡೇಯನ ಕೊರಳಿಗೆ ಬಿದ್ದ ಪಾಶವನ್ನು ಶಿವನು ತಪ್ಪಿಸಿದ ಪುರಾಣಕಥೆಯೆಲ್ಲ ಈ ಒಂದು ಹೆಸರಿನಲ್ಲಿ ಅಡಗಿದೆ. ರೋಣ, ನರಗುಂದ, ಗಜೇಂದ್ರಗಡಗಳ ಕಡೆ ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದು ಏಳದಾದಾಗ, ವೈದ್ಯರ ಜೊತೆಗೆ ಪುರೋಹಿತರಿಗೂ ಹೇಳಿಕಳುಹಿಸಿ ಮೃತ್ಯುಂಜಯ ಜಪ ಮಾಡಿಸುವ ರೂಢಿ ಕೆಲವು ಕುಟುಂಬಗಳಲ್ಲಿ ಉಳಿದುಕೊಂಡಿದೆ. ಜಪವೇನೋ ನಡೆಯುತ್ತದೆ. ಆದರೆ ಆ ಮಂತ್ರ ಬೇಡುವುದೇನನ್ನು ಎಂದು ಕೇಳುವವರು ವಿರಳ. ಸಾವು ಬಾರದಿರಲಿ ಎಂದು ಬೇಡುತ್ತದೆಂಬುದೇ ಸಾಮಾನ್ಯ ನಂಬಿಕೆ. ಮಂತ್ರದ ಮಾತು ಅದಲ್ಲ.

ಇದರ ಮೂಲ ಋಗ್ವೇದದ ಏಳನೆಯ ಮಂಡಲದ 59ನೆಯ ಸೂಕ್ತ. ವಸಿಷ್ಠ ಋಷಿಯದೆಂದು ಪ್ರಸಿದ್ಧವಾದ ಆ ಸೂಕ್ತ ಮರುತ್ತುಗಳನ್ನು ಕುರಿತದ್ದು. ಕೊನೆಯ ಋಕ್ಕೊಂದೇ ರುದ್ರನ ಕಡೆಗೆ ತಿರುಗುತ್ತದೆ. ಅನುಷ್ಟುಭ್ ಛಂದಸ್ಸಿನ, 32 ಅಕ್ಷರಗಳ ಪುಟ್ಟ ಋಕ್ಕು. ಅದರಲ್ಲಿ ಮೃತ್ಯುಂಜಯ ಎಂಬ ಶಬ್ದವಿಲ್ಲ, ರೋಗವೆಂಬ ಶಬ್ದವಿಲ್ಲ, ಮಾರ್ಕಂಡೇಯನ ಸುಳಿವೂ ಇಲ್ಲ. ಅವೆಲ್ಲ ಮುಂದೆ ಪುರಾಣಗಳೂ ಆಗಮಗಳೂ ತಂದು ಕೂಡಿಸಿದ ಸಂಪತ್ತು.

ಯಜುರ್ವೇದದ ಕಾಲಕ್ಕೆ ಈ ಋಕ್ಕು ತ್ರ್ಯಂಬಕ ಹೋಮವೆಂಬ ಒಂದು ಮನೆತನದ ಕರ್ಮವನ್ನು ಸೇರಿತು. ಮನೆಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಪುರೋಡಾಶಗಳನ್ನು, ಎಂದರೆ ಹಿಟ್ಟಿನ ಸಣ್ಣ ರೊಟ್ಟಿಗಳನ್ನು ಬೇಯಿಸಬೇಕು. ಮೇಲೊಂದು ಹೆಚ್ಚಿಗೆ, ಇನ್ನೂ ಹುಟ್ಟದ ಕೂಸಿಗಾಗಿ. ಅವನ್ನು ನಾಲ್ಕು ಹಾದಿ ಕೂಡುವಲ್ಲಿಗೆ ಒಯ್ದು ರುದ್ರನಿಗೆ ಅವನ ಪಾಲು ಕೊಟ್ಟು, ಉಳಿದುದನ್ನು ಬುಟ್ಟಿಯಲ್ಲಿಟ್ಟು ಮರಕ್ಕೆ ತೂಗಹಾಕಿ, ಮೂಜವತ್ ಪರ್ವತದಾಚೆಗೆ ಹೋಗು ತಂದೆ ಎಂದು ಬೀಳ್ಕೊಡುತ್ತಿದ್ದರು. ಅದೇ ಕರ್ಮದಲ್ಲಿ ಮದುವೆಯಾಗದ ಕನ್ನೆಯರೂ ಬೆಂಕಿಯನ್ನು ಸುತ್ತುತ್ತಿದ್ದರು. ಅವರ ಪಾಲಿಗೆ ಮಂತ್ರದ ಮಾತು ತುಸು ಬೇರೆ. ಗಂಡನನ್ನು ದೊರಕಿಸುವ ತ್ರ್ಯಂಬಕನೇ, ನನ್ನನ್ನು ಇಲ್ಲಿಂದ ಬಿಡಿಸು, ಅಲ್ಲಿಂದ ಬೇಡ ಎಂಬುದು ಅದರ ತಾತ್ಪರ್ಯ. ಇಲ್ಲಿ ಎಂದರೆ ತವರು, ಅಲ್ಲಿ ಎಂದರೆ ಸೇರಲಿರುವ ಮನೆ. ರೋಗಿಯ ತಲೆದೆಸೆಯಲ್ಲಿ ಕೇಳಿಬರುವ ಈ ಮಂತ್ರಕ್ಕೆ ಮದುವೆಯ ಕನಸಿನ ಹೆಣ್ಣುಮಕ್ಕಳು ಇಷ್ಟು ಹತ್ತಿರದವರೆಂದು ತಿಳಿದಾಗ ನನಗೆ ಬಹಳ ಸಂತೋಷವಾಯಿತು.

ಈ ಎರಡು ಪ್ರಾರ್ಥನೆಗಳನ್ನೂ ಬೆಸೆಯುವುದು ಉರ್ವಾರುಕವೆಂಬ ಒಂದು ಉಪಮೆ. ಉರ್ವಾರುಕವೆಂದರೆ ಸೌತೆಯ ಜಾತಿಯ ಕಾಯಿ. ನಮ್ಮ ಕಡೆಯ ಮಾತಿನಲ್ಲಿ ಸವತಿಕಾಯಿ. ಇದನ್ನು ತಿಳಿಯಲು ರೋಣದ ಎರೆಹೊಲದವರಿಗೆ ಭಾಷ್ಯವೇನೂ ಬೇಕಾಗದು. ಪೈರಿನ ಸಾಲುಗಳ ನಡುವೆ ನಾಲ್ಕು ಸವತಿಬೀಜ ಊರಿದವರಿಗೆಲ್ಲ ಗೊತ್ತು, ಎಳೆಯ ಕಾಯಿಯನ್ನು ಕಿತ್ತರೆ ಬಳ್ಳಿಯೇ ಜಗ್ಗಿ ಬರುತ್ತದೆ, ತೊಟ್ಟಿನಿಂದ ನೀರು ಒಸರುತ್ತದೆ. ಬೀಜಕ್ಕೆಂದು ಬಿಟ್ಟ ಕಾಯಿಯ ಬಗೆ ಬೇರೆ. ಅದು ಹಳದಿಗೆ ತಿರುಗಿ ನೆಲದ ಮೇಲೆ ಮಲಗಿರುತ್ತದೆ, ಬಳ್ಳಿ ತಾನೇ ಒಣಗುತ್ತ ಬರುತ್ತದೆ, ಕೈ ಸೋಕಿದರೆ ಸಾಕು, ಬಿಟ್ಟುಬರುತ್ತದೆ. ಇದೇ ವರ್ಗದ ಕರಬೂಜವು ಮಾಗಿದಾಗ ತೊಟ್ಟು ಕೂಡುವೆಡೆಯಲ್ಲಿ ಜೀವಕೋಶಗಳ ಒಂದು ತೆಳುಪದರ ಸಡಿಲಗೊಂಡು ಹಣ್ಣು ತಾನಾಗಿ ಬಿಡಿಸಿಕೊಳ್ಳುತ್ತದೆಂದು ಸಸ್ಯಶಾಸ್ತ್ರವೂ ಹೇಳುತ್ತದೆ. ಋಷಿಯು ಮಾವನ್ನೋ ಹಲಸನ್ನೋ ಆರಿಸದೆ ಈ ನೆಲಬಳ್ಳಿಯ ಕಾಯನ್ನು ಆರಿಸಿದ್ದು ನನಗೆ ಅರ್ಥಪೂರ್ಣವೆನಿಸುತ್ತದೆ. ಮರದ ಹಣ್ಣು ಕಳಚಿದರೆ ಬೀಳಬೇಕು. ಸವತಿಕಾಯಿ ಬೀಳುವುದಿಲ್ಲ, ಅದು ಮೊದಲೇ ನೆಲದ ಮೇಲಿದೆ. ಬಂಧನ ಹೋಗುತ್ತದೆ, ಕಾಯಿ ಇದ್ದಲ್ಲೇ ಇರುತ್ತದೆ.

ಹಾಗಾದರೆ ಪ್ರಾರ್ಥನೆಯ ಒಟ್ಟು ಅರ್ಥವೇನು? ಮೃತ್ಯುವಿನ ಕಟ್ಟಿನಿಂದ ನಾನು ಬಿಡುಗಡೆ ಹೊಂದುವಂತಾಗಲಿ, ಅಮೃತತ್ವದಿಂದ ಬೇಡ. ಕೊನೆಯ ಪಾದದ ಸಂಧಿಯನ್ನು ಬಿಡಿಸಿದರೆ ‘ಮಾ’ ಮತ್ತು ‘ಅಮೃತಾತ್’ ಎಂಬ ಎರಡು ಪದಗಳು ದೊರೆಯುತ್ತವೆ. ‘ಮಾ’ ಎಂದರೆ ‘ನನ್ನನ್ನು’ ಎಂದು ತಿಳಿಯುವವರಿದ್ದಾರೆ. ಇಲ್ಲಿ ಅದಕ್ಕೆ ‘ಬೇಡ’ ಎಂಬ ನಿಷೇಧಾರ್ಥವೇ ಸರಿಯಾದದ್ದು. ಅದಕ್ಕೂ ಮುಂಚಿನ ಪದ ‘ಪುಷ್ಟಿವರ್ಧನ’, ಪುಷ್ಟಿಯನ್ನು ಬೆಳೆಸುವವನು. ಬೆಳೆಯದೆ ಮಾಗುವುದಿಲ್ಲ, ಮಾಗದೆ ಕಳಚುವುದಿಲ್ಲ. ಎಳೆಯ ಮಗುವಿಗಾಗಿ ಜಪಿಸಿದರೆ ಇದು ದೀರ್ಘಾಯುಷ್ಯದ ಪ್ರಾರ್ಥನೆ. ತುಂಬುಬಾಳು ಬಾಳಿದವರಿಗಾಗಿ ಜಪಿಸಿದರೆ ಸುಖಪ್ರಯಾಣದ್ದು.

ಕೆಲವು ವರ್ಷಗಳ ಹಿಂದೆ ನರಗುಂದದ ಬಂಧುಗಳೊಬ್ಬರ ಮನೆಯಲ್ಲಿ ಜಪ ನಡೆಯುತ್ತಿತ್ತು. ಪಡಸಾಲೆಯಲ್ಲಿ ಐವರು ಪುರೋಹಿತರು. ಅವರ ಎದುರು ಕೈಮುಗಿದು ಕುಳಿತ ಗಂಡುಮಕ್ಕಳು. ಒಳಕೋಣೆಯಲ್ಲಿ ಎಂಬತ್ತು ದಾಟಿದ ಕಾಕಾ ಒಬ್ಬರೇ ಮಲಗಿದ್ದರು. ಜೀವಮಾನವೆಲ್ಲ ಹೊಲ ಮಾಡಿಸಿದವರು. “ತಮ್ಮಾ, ನೀ ಓದಿದಾಂವ. ಇವರು ಅನ್ನೂದರ ಅರ್ಥ ಏನು?” ಎಂದು ಕೇಳಿದರು. ಸವತಿಬಳ್ಳಿಯ ಮಾತನ್ನು ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರ ನಾ ಸಾಯಬಾರದು ಅಂತ ಇವರು ಬೇಡಲಿಕ್ಕೆ ಹತ್ತಿಲ್ಲ. ಹಣ್ಣಾಗಿ ಬಿಡಲಿ ಅನ್ನಲಿಕ್ಕೆ ಹತ್ಯಾರ. ಛಲೋ ಆತು. ಹುಡುಗರನ್ನ ಒಳಗ ಕರಿ, ಹೊರಗ ಕೂತು ಏನು ಎಣಸ್ತಾರ?” ಎಂದರು. ಮಕ್ಕಳು ಬಂದು ಮಂಚದ ಸುತ್ತ ಕುಳಿತರು. ಯಾರಿಗೆ ಏನು ಕೊಡಬೇಕಾಗಿದೆ, ಯಾವ ಹೊಲದ ಬದುವಿನ ಜಗಳ ಸಾಕುಮಾಡಬೇಕು ಎಂಬುದನ್ನೆಲ್ಲ ಕಾಕಾ ಆ ಸಂಜೆ ಹೇಳಿ ಮುಗಿಸಿದರು. ವಾರದೊಳಗೆ ತೀರಿಕೊಂಡರು. ಜಪ ಫಲಿಸಲಿಲ್ಲವೆಂದು ಕೆಲವರು ಆಡಿಕೊಂಡರು. ನನಗೆ ಹಾಗೆನ್ನಿಸಲಿಲ್ಲ.

ಇನ್ನು ಆಚರಣೆಯ ಮಾತು. 108 ಮಣಿಗಳ ರುದ್ರಾಕ್ಷಮಾಲೆ, ದಾಟಬಾರದ ಮೇರುಮಣಿ, ಮೊದಲಿಗೆ ಸಂಕಲ್ಪ, ದೊಡ್ಡ ಅನುಷ್ಠಾನವಾದರೆ 1,25,000 ಜಪ. ಇಲ್ಲಿ ಒಂದು ಲೆಕ್ಕ ಹಾಕಿ ನೋಡೋಣ. ಮಂತ್ರವನ್ನು ಸಾವಧಾನವಾಗಿ ಹೇಳಲು ಹತ್ತು ಸೆಕೆಂಡು ಬೇಕೆಂದರೆ ಒಂದು ಮಾಲೆಗೆ 18 ನಿಮಿಷ, ಪೂರ್ತಿ ಸಂಖ್ಯೆಗೆ ಸುಮಾರು 347 ಗಂಟೆ. ಐವರು ಕೂಡಿ ಹನ್ನೆರಡು ಗಂಟೆಗಳ ಒಂದೇ ದಿನದಲ್ಲಿ ಮುಗಿಸಿದರೆಂದರೆ ಒಂದು ಮಂತ್ರಕ್ಕೆ ಎರಡು ಸೆಕೆಂಡೂ ಸಿಗುವುದಿಲ್ಲ. ಅದು ಸಂಖ್ಯೆಯಾಗಬಹುದು, ಜಪವಾಗದು. ಧ್ವನಿವರ್ಧಕ ಹಚ್ಚುವುದಂತೂ ಶಾಸ್ತ್ರಕ್ಕೇ ವಿರುದ್ಧ: ಗಟ್ಟಿಯಾದ ಜಪಕ್ಕಿಂತ ತುಟಿಯಲ್ಲಾಡುವ ಉಪಾಂಶು ಮೇಲು, ಅದಕ್ಕಿಂತ ಮಾನಸ ಮೇಲು ಎಂಬುದು ಮನುಸ್ಮೃತಿಯ ಕಾಲದಿಂದಲೂ ಬಂದ ಮಾತು.

ಮಂತ್ರವಿದ್ದರೆ ಮದ್ದೇಕೆ ಎನ್ನುವವರಿಗೆ ಚರಕಸಂಹಿತೆಯನ್ನೇ ತೋರಿಸಬೇಕು. ಚಿಕಿತ್ಸೆಯಲ್ಲಿ ಅದು ಮೂರು ಬಗೆ ಹೇಳುತ್ತದೆ: ಮಂತ್ರಹೋಮಾದಿಗಳ ದೈವವ್ಯಪಾಶ್ರಯ, ಆಹಾರ ಔಷಧಗಳ ಯುಕ್ತಿವ್ಯಪಾಶ್ರಯ, ಮನಸ್ಸನ್ನು ಹಿಡಿತಕ್ಕೆ ತರುವ ಸತ್ತ್ವಾವಜಯ. ಒಂದರ ಜಾಗದಲ್ಲಿ ಮತ್ತೊಂದಲ್ಲ. ಹೊಲದಲ್ಲಿ ಹಾವು ಕಚ್ಚಿದವನಿಗೆ ಬೇಕಾದುದು ಪ್ರತಿವಿಷದ ಚುಚ್ಚುಮದ್ದು. ಅವನನ್ನು ಮೊದಲು ಗುಡಿಗೆ ಒಯ್ದು ಗಳಿಗೆ ಕಳೆಯುವುದು ಭಕ್ತಿಯಲ್ಲ. ಜಪದಿಂದ ದೇಹಕ್ಕೆ ಏನೂ ಆಗದೆಂದೂ ಹೇಳಲಾಗದು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರನ್ನು ಪರೀಕ್ಷಿಸಿ, ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಯಾಗಲಿ ಬೌದ್ಧರ ಮಂತ್ರವಾಗಲಿ, ಉಸಿರನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸಿ ಹೃದಯದ ಲಯವನ್ನು ಹದಗೊಳಿಸುತ್ತದೆಂದು ತೋರಿಸಿದರು. ಉಸಿರು ಸಮಾಧಾನಗೊಳ್ಳುವುದು ಸಣ್ಣ ಲಾಭವಲ್ಲ. ರೋಗ ಹೋಯಿತೆಂದು ಅದರ ಅರ್ಥವೂ ಅಲ್ಲ.

ಈ ಸೀಮೆಯ ಹೆಚ್ಚಿನ ಮನೆಗಳಲ್ಲಿ ಕೇಳಿಬರುವುದು ಪಂಚಾಕ್ಷರಿ. ಅದರ ಮೂಲವೂ ಯಜುರ್ವೇದದ ರುದ್ರಾಧ್ಯಾಯವೇ ಆದುದರಿಂದ ಎರಡನ್ನೂ ಬೇರೆಬೇರೆಯೆಂದು ನಾನು ಎಣಿಸುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಕಾಳಾಮುಖ ಶೈವರ ನೆಲೆಯಾಗಿದ್ದ ಸೂಡಿ ಇಲ್ಲೇ ಪಕ್ಕದಲ್ಲಿದೆ. ರುದ್ರನ ಹೆಸರು ಈ ನೆಲಕ್ಕೆ ಹೊಸದೇನಲ್ಲ.

ಮಂತ್ರದ ಕ್ರಿಯಾಪದ ‘ಮುಕ್ಷೀಯ’, ‘ನಾನು ಬಿಡುಗಡೆ ಹೊಂದುವಂತಾಗಲಿ’ ಎಂಬ ಉತ್ತಮ ಪುರುಷದ ರೂಪ. ಆದುದರಿಂದ ಇದನ್ನು ಹೇಳುವ ಮೊದಲ ಹಕ್ಕು ರೋಗಿಯದೇ. ಅವನಿಗೆ ಆಗದಿದ್ದಾಗ ಕೈಹಿಡಿದು ಪಕ್ಕದಲ್ಲಿ ಕುಳಿತವರು ಅವನ ಪರವಾಗಿ ಹೇಳಬಹುದು; ಹಾಗೆ ಹೇಳುವಾಗ ತಮಗೂ ಅದನ್ನೇ ಬೇಡಿಕೊಂಡಂತಾಗುತ್ತದೆ. ಆಸ್ಪತ್ರೆಯ ವಾರ್ಡಿನಲ್ಲಾದರೆ ಉಪಾಂಶುವೇ ಸರಿ, ಪಕ್ಕದ ಹಾಸಿಗೆಯವರು ಮಲಗಿರುತ್ತಾರೆ. ಕೊನೆಯ ಪಾದದಲ್ಲಿ ಮುಕ್ಷೀಯ ಎಂದಾದ ಮೇಲೆ ಒಂದು ಕ್ಷಣ ತಡೆದು, ಆಮೇಲೆ ಮುಂದಿನದನ್ನು ಹೇಳಬೇಕು.